ಗಾಜಿಗೆ ಕುಡಿಸಿದ ಸಾರಾಯಿ

ಅವರ ಮೂಗಿನ ಜಿಡ್ಡು ವ್ಯಾನಿನ ಮುಂದಿನ ಗಾಜಿನ ಮೇಲೆ ಸದಾ ಅಂಟಿರುತ್ತಿತ್ತು. ಅಷ್ಟು ಮುಂದಕ್ಕೆ ಬಾಗಿ ಓಡಿಸುತ್ತಿದ್ದರು. ಉದ್ದ ಮೂಗು, ಗೋರಂಟಿ ಹಚ್ಚಿದ ಗಡ್ಡ, ಚಳಿಗಾಲದಲ್ಲಿ ಕಿವಿ ಮುಚ್ಚುವ ಹಾಗೆ ಸುತ್ತಿದ ಹಸಿರು ಮಫ್ಲರು. ಎಲ್ಲರಿಗೂ ಡ್ರೈವರ್ ಸಾಬರು. ನಂದಿ ಕಡೆಯ ನಮ್ಮ ಹಳ್ಳಿಗಳಿಂದ ರೇಷ್ಮೆಗೂಡಿನ ಮೂಟೆಗಳನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸಾಗಿಸುವುದು ಅವರ ಕೆಲಸ. ಗಂಡ ಸತ್ತ ಮೇಲೆ ಹುಳ ಮೇಯಿಸಿ ಬದುಕಿದವಳು ನಾನು. ಗೂಡಿನ ಜೊತೆ ನಾನೂ ಹೋಗುತ್ತಿದ್ದೆ. ವ್ಯಾನಿನ ಹಿಂದೆ ಮೂಟೆಗಳ ನಡುವೆ ಬೇರೆ ರೈತರೂ ಕೂತಿರುತ್ತಿದ್ದರು.

ಅವರಿಗೆ ಗಾಜಿನ ಹುಚ್ಚು. ಮಂಜು ಬಿದ್ದರೆ ಬೇರೆ ಡ್ರೈವರುಗಳು ಬೀಡಿ ಬಿಚ್ಚಿ ಹೊಗೆಸೊಪ್ಪು ಉಜ್ಜುತ್ತಿದ್ದರು, ಇಲ್ಲವೇ ಆಲೂಗಡ್ಡೆ ಕೊಯ್ದು ಉಜ್ಜುತ್ತಿದ್ದರು. ಇವರು ಒಪ್ಪುತ್ತಿರಲಿಲ್ಲ. "ಗಾಜು ಏನು ಪಲ್ಯದ ಬಾಣಲೆನಾ?" ಎನ್ನುವರು.

ಹಿಮದ ಸೀಮೆಯಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದ ಅವರ ಭಾವಮೈದ ಒಂದು ಮಾತು ಹೇಳಿದ್ದ. ಅಲ್ಲಿ ಗಾಜು ತೊಳೆಯುವ ನೀರು ಡಬ್ಬಿಯಲ್ಲೇ ಗಡ್ಡೆ ಕಟ್ಟುತ್ತದಂತೆ, ಕಟ್ಟಬಾರದು ಅಂತ ಸ್ಪಿರಿಟ್ ಬೆರೆಸುತ್ತಾರಂತೆ. ಇವರಿಗೆ ಅಷ್ಟೇ ಸಾಕಾಯಿತು.

"ಸಾಬ್ರೇ, ನಮ್ಮ ಕಡೆ ನೀರು ಗಡ್ಡೆ ಕಟ್ಟೋದು ಐಸ್‌ಕ್ಯಾಂಡಿ ಡಬ್ಬದಾಗೆ ಮಾತ್ರ" ಅಂದೆ.

"ಕಟ್ಟೋ ದಿನ ಬಂದ್ರೆ ಅಕ್ಕಾ, ಎಲ್ಲರ ಗಾಡೀನೂ ನಿಲ್ತದೆ, ನಂದು ಹೋಗ್ತದೆ."

ಸ್ಪಿರಿಟ್ ಎಲ್ಲಿಂದ ತರುವುದು? ಸಿಗುವುದು ಸಾರಾಯಿ. ಐದು ಹೊತ್ತು ನಮಾಜು ಮಾಡುವ ಮನುಷ್ಯ ಸಾರಾಯಿ ಅಂಗಡಿ ಮುಂದೆ ನಿಲ್ಲುವುದುಂಟೇ? "ಬಿಡಿ, ನಾ ತರ್ತೀನಿ" ಅಂತ ಸೆರಗಿನಲ್ಲಿ ಪ್ಯಾಕೆಟ್ ಮುಚ್ಚಿಕೊಂಡು ತಂದುಕೊಡುತ್ತಿದ್ದೆ. ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಡಬ್ಬಿಗೆ ಸುರಿಯುವರು. ಆಮೇಲೆ ಕೈ ತೊಳೆದದ್ದೇ ತೊಳೆದದ್ದು.

ಧನುರ್ಮಾಸದ ಒಂದು ಬೆಳಗ್ಗೆ. ನನ್ನ ಗೂಡು ಆಗಲೇ ತಡವಾಗಿತ್ತು. ಆವತ್ತಿನ ಹರಾಜು ತಪ್ಪಿದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ನೂಲು ಬಿಚ್ಚಲಾಗದು, ಬೆಳೆಯೆಲ್ಲ ತಿಪ್ಪೆಗೆ. ದಾರಿಯಲ್ಲಿ ಎತ್ತಿನ ಬಾಲ ಕಂಡರೆ ಎತ್ತು ಕಾಣದಂಥ ಮಂಜು. ಸಾಬರು ಉದ್ದಕ್ಕೂ ನೀರು ಚಿಮ್ಮಿಸುತ್ತ ಬಂದರು. ವ್ಯಾನೆಲ್ಲ ಸಾರಾಯಿಯ ಗಬ್ಬುನಾತ.

ಚಿಕ್ಕಬಳ್ಳಾಪುರ ಇನ್ನೇನು ಬಂತು ಅನ್ನುವಾಗ ಪೊಲೀಸಿನವನು ಕೈ ಅಡ್ಡ ಹಾಕಿದ. ಕಿಟಕಿಯೊಳಗೆ ತಲೆ ತೂರಿಸಿ ಮೂಗರಳಿಸಿದ.

"ಬೆಳಿಗ್ಗೇನೇ ಏರಿಸಿದ್ದೀಯೇನೋ? ಇಳಿ, ಸ್ಟೇಷನ್ನಿಗೆ ನಡಿ."

ಕುಡುಕ ಅನ್ನಿಸಿಕೊಂಡ ಡ್ರೈವರಿಗೆ ಆಮೇಲೆ ಯಾರು ಗೂಡು ಕೊಡುತ್ತಾರೆ? ನಾನೇ ಬಾಯಿ ಹಾಕಿದೆ. "ನಾ ಕುಡಿದಿದ್ದೀನಿ ಸಾಮಿ, ಚಳಿಗೆ. ಬಿಡಿ, ಗೂಡು ಹಾಳಾಗ್ತದೆ."

"ಒಳ್ಳೆ ಹೆಂಗಸು ಕಣಮ್ಮ ನೀನು! ಹೋಗ್ರಿ ಅತ್ಲಾಗೆ" ಅಂದ.

ಹೋಗಬಹುದಿತ್ತು. ಸಾಬರು ಬಾಗಿಲು ತೆಗೆದು ಇಳಿದೇಬಿಟ್ಟರು. "ಸುಳ್ಳು ಸಾರ್. ಅಕ್ಕ ಕುಡಿಯೋದಿಲ್ಲ. ಸಾರಾಯಿ ನಂದು. ನಾನೂ ಕುಡಿದಿಲ್ಲ, ಗಾಜಿಗೆ ಹಾಕಿದ್ದೀನಿ."

"ಬಾಯ್ಮುಚ್ಕೊಂಡು ಹತ್ರೀ!" ಅಂತ ನಾನು ಹಲ್ಲು ಕಡಿದೆ.

"ಹಿಂದ್ಗಡೆ ಜನ ಕೂತವ್ರೆ ಅಕ್ಕಾ. ನೀವು ಕುಡಿದಿದ್ರಿ ಅಂತ ಮಾರ್ಕೆಟ್ಟೆಲ್ಲಾ ಸುದ್ದಿ ಆಗ್ತದೆ."

ಪೊಲೀಸಿನವನು ಸೊಂಟದ ಮೇಲೆ ಕೈಯಿಟ್ಟ. "ಗಾಜಿಗೆ ಸಾರಾಯಿ? ಜೊತೆಗೆ ಉಪ್ಪಿನಕಾಯಿ ಕೊಡಲಿಲ್ವೇನಯ್ಯ?" ಅಂತ ಗಾಜಿಗೆ ಮೂಗು ಹಚ್ಚಿದ. ಅದೇ ಹೊತ್ತಿಗೆ ಸಾಬರು ಒಳಗೆ ಕೈ ಹಾಕಿ ಗುಂಡಿ ಒತ್ತಿದರು. ನೀರು ಪಿಚಕ್ಕನೆ ಅವನ ಮೀಸೆಗೇ ಹೊಡೆಯಿತು.

ನನ್ನ ಗೂಡಿನ ಕತೆ ಮುಗಿಯಿತು ಅಂದುಕೊಂಡೆ. ಅವನು ಮೀಸೆ ನೆಕ್ಕಿದ. ಇನ್ನೊಮ್ಮೆ ನೆಕ್ಕಿದ. ಸಾಬರ ಬಾಯಿ ಮೂಸಿದ. ಬರೀ ಲವಂಗದ ವಾಸನೆ.

"ನಿಜ ಕಣಯ್ಯ! ಇಂಥ ಮಾಲು ದಂಡ ಮಾಡ್ತಿದ್ದೀಯಲ್ಲೋ ಪಾಪಿ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಬಿಟ್ಟ.

ಹರಾಜು ಮುಗಿಯುವ ಮುಂಚೆ ಮುಟ್ಟಿದೆವು, ಗೂಡು ಮಾರಾಟವಾಯಿತು. ವಾಪಸು ಬರುವಾಗ ಚೆನ್ನಾಗಿ ಬೈದೆ. "ಬಿಟ್ಟಿದ್ನಲ್ಲ, ಹೋಗೋದಲ್ವಾ? ಲೈಸೆನ್ಸು ಹೋಗಿದ್ರೆ?"

"ಲೈಸೆನ್ಸು ಇನ್ನೊಂದು ಮಾಡಿಸ್ಕೋಬಹುದು ಅಕ್ಕಾ" ಅಂದರು. ಮತ್ತೆ ಆ ಮಾತೆತ್ತಲಿಲ್ಲ.

ಸಕ್ಕರೆ ಕಾಯಿಲೆ ಅವರನ್ನು ತೆಗೆದುಕೊಂಡು ಹೋಗಿ ಬಹಳ ವರ್ಷವಾಯಿತು. ಒಂಟಿ ಹೆಂಗಸು ಅಂತ ನನ್ನ ಬಗ್ಗೆ ಜನ ಏನೇನೋ ಆಡಿಕೊಂಡಿದ್ದಾರೆ, ನಾನು ಕಿವಿಗೆ ಹಾಕಿಕೊಂಡವಳಲ್ಲ. ಆದರೆ ನನ್ನ ಹೆಸರು ಕೆಡಬಾರದು ಅಂತ ತನ್ನ ಅನ್ನಕ್ಕೇ ಕಲ್ಲು ಹಾಕಿಕೊಳ್ಳಲು ಇಳಿದ ಗಂಡಸು ಅವರೊಬ್ಬರೇ. ತಾಳಿ ಕಟ್ಟಿದವನಿಗೂ ಅದು ಹೊಳೆದಿರಲಿಲ್ಲ.