ಗುರುಬಸಪ್ಪನವರ ಟ್ರಾನ್ಸ್‌ಫಾರ್ಮರ್

ರಾಜಾಜಿನಗರದಲ್ಲಿ ರೇಡಿಯೋ ರಿಪೇರಿ ಮಾಡುವ ಗುರುಬಸಪ್ಪನವರು ಯಾವ ವಾಲ್ವ್ ರೇಡಿಯೋವನ್ನೂ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವುದಿಲ್ಲ. ನಡುವೆ ರುಬ್ಬುಗುಂಡಿನಷ್ಟು ಭಾರದ, ದಿನವೂ ವಿಭೂತಿ ಹಚ್ಚಿಸಿಕೊಳ್ಳುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಅದರಿಂದ ಬಂದ ಕರೆಂಟಿಗೆ ನೆಲದ ನಂಟಿಲ್ಲ, ಹಾಗಾಗಿ ರೇಡಿಯೋದ ಲೋಹವನ್ನು ಒಂದು ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಎರಡೂ ಕೈ ಎರಡು ಕಡೆ ತಾಗಿದರೆ ಮಾತ್ರ ಹೊಡೆದೀತು, ಅದಕ್ಕೇ ಇನ್ನೊಂದು ಕೈ ಸದಾ ಬೆನ್ನ ಹಿಂದೆ. ನಮಸ್ಕಾರವನ್ನೂ ಅವರು ಒಂದೇ ಕೈಯಲ್ಲಿ ಮಾಡುತ್ತಾರೆ. ತಿರುಗಿಸುವ ನಾಬ್ ಕಳೆದುಹೋಗಿ ಒಳಗಿನ ಲೋಹದ ಕಡ್ಡಿಯಷ್ಟೇ ಉಳಿದ ರೇಡಿಯೋವನ್ನಂತೂ ಹಿಂದಕ್ಕೆ ಕೊಡುವುದೇ ಇಲ್ಲ. "ಬರೀ ಕಡ್ಡೀನೇ ತಿರುಗಿಸ್ಕೋತೀವಿ ಕೊಡ್ರೀ, ಏನ್ ಹಠಾರೀ ನಿಮ್ದು!" ಎಂದು ಗಿರಾಕಿ ಅಂಬುಜಮ್ಮ ರೇಗಿದರೆ, "ಇಲ್ಲಿ ಮುಟ್ಟಿದ್ರೆ ಏನೂ ಆಗಲ್ಲ ತಾಯಿ. ನಿಮ್ಮನೇಲಿ ಈ ಟ್ರಾನ್ಸ್‌ಫಾರ್ಮರ್ ಇಲ್ವಲ್ಲ, ಆ ಕಡ್ಡಿ ಒದ್ದುಬಿಡತ್ತೆ. ನಾಳೆ ಬನ್ನಿ" ಎನ್ನುತ್ತಾರೆ. ಮರುದಿನ ಎಲ್ಲಿಂದಲೋ ನಾಬ್ ಬಂದು ಕೂತಿರುತ್ತದೆ. ಸಂಜೆ ಅವರು ಟ್ರಾನ್ಸ್‌ಫಾರ್ಮರನ್ನು ಸೈಕಲ್ಲಿಗೆ ಕಟ್ಟಿ ಕುರುಬರಹಳ್ಳಿಯ ಮನೆಗೆ ಒಯ್ಯುವುದು ಕಳ್ಳರ ಭಯಕ್ಕೆಂದು ನಾವು ನಗುತ್ತಿದ್ದೆವು. ಮೊನ್ನೆ ಅವರ ಮನೆಗೆ ಹೋದಾಗ ನೋಡಿದರೆ, ಅವರ ರೇಡಿಯೋದಲ್ಲಿ ಒಂದು ನಾಬೂ ಇರಲಿಲ್ಲ. "ಎಲ್ಲಾ ಕಿತ್ತು ಗಿರಾಕಿಗಳಿಗೆ ಹಾಕವ್ರೆ. ಚಿತ್ರಗೀತೆ ಟೈಮಾಯ್ತು, ಟ್ರಾನ್ಸ್‌ಫಾರ್ಮರ್ ಬರೋವರ್ಗೂ ನಾನು ಮುಟ್ಟಬಾರ್ದಂತೆ!" ಎಂದು ಅವರ ಹೆಂಡತಿ ನೀಲಮ್ಮನವರು ಗೊಣಗಿದರು. ಸೈಕಲ್ ಗಂಟೆ ಕೇಳಿದ್ದೇ ಬಾಗಿಲಿಗೆ ಓಡಿ, ಗಂಡನಿಗಿಂತ ಮೊದಲು ಟ್ರಾನ್ಸ್‌ಫಾರ್ಮರನ್ನು ಒಳಗೆ ಬರಮಾಡಿಕೊಂಡರು.