ಬೇರು ಒಂದೇ, ಬಣ್ಣ ಬೇರೆ

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಉದ್ದನೆಯ ಮೇಜಿನ ಮುಂದೆ ನಿಂತ ಮಹಿಳೆ ರಟ್ಟಿನ ಪೆಟ್ಟಿಗೆಯೊಂದನ್ನು ಸೊಂಟದೆತ್ತರಕ್ಕೆ ಎತ್ತಿ ಸಿಮೆಂಟ್ ನೆಲಕ್ಕೆ ಧೊಪ್ಪೆಂದು ಬೀಳಿಸುತ್ತಾರೆ. ಇನ್ನೊಮ್ಮೆ ಎತ್ತಿ, ಮೂಲೆ ಕೆಳಗಾಗುವಂತೆ ಬೀಳಿಸುತ್ತಾರೆ. ಮೂರನೆಯ ಸಲಕ್ಕೆ ಕಾಲಲ್ಲಿ ಒದ್ದೇಬಿಡುತ್ತಾರೆ. ಆಮೇಲೆ ಪೆಟ್ಟಿಗೆ ಬಿಚ್ಚಿ, ಒಳಗಿನ ಬೇರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾರೆ.

"ದಾರೀಲಿ ಇದನ್ನ ಯಾರು ಕೂಸಿನ ಥರ ಎತ್ಕೊಂಡು ಹೋಗ್ತಾರೆ ಹೇಳಿ? ಅಲ್ಲಿ ಬೀಳೋದು ಇಲ್ಲೇ ಬಿದ್ದುಬಿಡ್ಲಿ," ಎನ್ನುತ್ತಾರೆ. ಹೊಸ ಅಳತೆಯ ಪೆಟ್ಟಿಗೆ ಬಂದಾಗಲೆಲ್ಲ ಮೊದಲನೆಯದಕ್ಕೆ ಈ ಶಿಕ್ಷೆ ತಪ್ಪಿದ್ದಲ್ಲ.

ಇವರು ಈ ಸಣ್ಣ ನರ್ಸರಿಯ ಹಿರಿಸೊಸೆ. ಮೈದುನ ಇಟ್ಟ ಹೆಸರು 'ಪಾರ್ಸೆಲ್ ಅತ್ತಿಗೆ'. ಈಗ ವ್ಯಾನಿನ ಚಾಲಕನೂ ಹಾಗೆಯೇ ಕರೆಯುತ್ತಾನೆ. ಇಲ್ಲಿ ಅಂಗಡಿಯಿಲ್ಲ, ಬೋರ್ಡಿಲ್ಲ. ಒಮ್ಮೆ ನೆಟ್ಟರೆ ವರ್ಷ ವರ್ಷವೂ ಚಿಗುರುವ ಹೂಗಿಡಗಳ ಪಟ್ಟಿಯೊಂದಿದೆ. ಜನ ಅದನ್ನು ನೋಡಿ ಬರೆದು ಕಳಿಸುತ್ತಾರೆ, ಇವರು ಬೇರು ಕಟ್ಟಿ ಅಂಚೆಗೆ ಹಾಕುತ್ತಾರೆ. ಗಂಡ ಮಡಿಯಿಂದ ಗಿಡ ಅಗೆದು ತರುತ್ತಾರೆ, ಮೈದುನ ಕಂಪ್ಯೂಟರಿನಲ್ಲಿ ಆರ್ಡರು ನೋಡುತ್ತಾನೆ, ಎಂಬತ್ತರ ಹತ್ತಿರದ ಅತ್ತೆ ಬುಡ ಬಿಡಿಸಿ ಒಂದನ್ನು ನಾಲ್ಕು ಮಾಡುತ್ತಾರೆ.

ಹಂಗಾಮು ಹತ್ತು ವಾರ. ದಿನಕ್ಕೆ ಅರವತ್ತರಿಂದ ಎಪ್ಪತ್ತು ಪೆಟ್ಟಿಗೆ. ಪ್ರತಿ ಬೇರಿಗೂ ಒಂದು ಹಿಡಿ ಒದ್ದೆ ಪಾಚಿ, ಅದರ ಮೇಲೆ ಎರಡು ಸುತ್ತು ಹಳೇ ಪೇಪರು. ಪಾಚಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ತಣ್ಣಗೆ ಹತ್ತಬೇಕು. ಕೈಗವಸು ಹಾಕಿದರೆ ಈ ಹದ ತಿಳಿಯುವುದಿಲ್ಲವಾದ್ದರಿಂದ ಬೆರಳ ಸಂದುಗಳು ಇಪ್ಪತ್ತೆರಡು ವರ್ಷದಿಂದ ಬಿರಿಯುತ್ತಲೇ ಇವೆ. ಮಗಳಿಗೆ ಜ್ವರ ಬಂದ ದಿನಗಳಲ್ಲಿ ಪೆಟ್ಟಿಗೆಗಳ ನಡುವೆಯೇ ಹಾಸಿಗೆ ಹಾಸಿ ಮಲಗಿಸಿದ್ದುಂಟು. ಸಂಬಳದ ಕೆಲಸವಾದರೆ ರಜೆ ಕೇಳಬಹುದು, ಮನೆಯ ಕೆಲಸಕ್ಕೆ ಯಾರನ್ನು ಕೇಳುವುದು? ವ್ಯಾನು ಹನ್ನೊಂದಕ್ಕೆ ಬಂದೇ ಬರುತ್ತದೆ.

ಮೇಲೆ ಒಣಗಿದ್ದರೂ ಬೇರಿನಲ್ಲಿ ಜೀವವಿರುವ ಗಿಡವನ್ನೇ ಕಳಿಸುವುದರಿಂದ ಹೊಸಬರಿಗೆ ಗಾಬರಿ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಕುಳಿತಿದ್ದಾಗಲೇ ಒಬ್ಬರ ಫೋನು ಬರುತ್ತದೆ. "ಒಣಕಡ್ಡಿ ಕಳಿಸಿದ್ದೀರಲ್ಲಮ್ಮ, ಒಲೆಗೆ ಹಾಕೋಕಾ?"

"ಹಾಕಿ ಸಾರ್. ಆದ್ರೆ ಮೊದಲು ಮೂರು ವಾರ ಮಣ್ಣಿಗೆ ಹಾಕಿ. ಆಮೇಲೂ ಹಂಗೇ ಇದ್ರೆ ಒಲೆ ಎಲ್ಲಿಗೂ ಓಡಿಹೋಗಲ್ಲ."

ನಗುತ್ತಲೇ ಫೋನಿಡುತ್ತಾರೆ. ಆದರೆ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿರುವ ಒಂದು ಪತ್ರದ ಬಗ್ಗೆ ಕೇಳಿದಾಗ ನಗು ನಿಲ್ಲುತ್ತದೆ. ಅದರಲ್ಲಿರುವುದು ಒಂದೇ ಸಾಲು: 'ನಾನು ಕಾದ ಎರಡು ವರ್ಷಗಳನ್ನು ನೀವು ತಿರುಗಿ ಕಳಿಸಬಲ್ಲಿರಾ?'

ನಡೆದದ್ದು ಇಷ್ಟು. ಒಂದೇ ಜಾತಿಯ ಗಿಡದಲ್ಲಿ ನೀಲಿ ಹೂವಿನದೊಂದು, ಬಿಳಿ ಹೂವಿನದೊಂದು. ಬೇರು ನೋಡಿದರೆ ಅವಳಿ ಜವಳಿ; ಗುರುತು ಹೇಳುವುದು ಹೆಸರು ಬರೆದು ಬುಟ್ಟಿಯಲ್ಲಿ ಚುಚ್ಚಿದ ಚೀಟಿಕಡ್ಡಿ ಮಾತ್ರ. ಅಂಚೆಯಲ್ಲಿ ಹೋದ ಬೇರು ಹೂ ಬಿಡಲು ಎರಡು ವರ್ಷ ಬೇಕು. ಹೋದ ವರ್ಷ ಗಿರಾಕಿಯೊಬ್ಬರಿಂದ ಒಂದು ಫೋಟೋ ಬಂತು: 'ನೀಲಿ ಕೇಳಿದ್ದೆ. ಬಿಳಿ ಅರಳಿದೆ.' ಅದೇ ವಾರ ಇನ್ನೊಂದು. ಹಳೇ ಆರ್ಡರು ತೆಗೆದು ನೋಡಿದರೆ, ಆ ದಿನ ನೀಲಿಯೆಂದು ಬಿಳಿ ಹೋಗಿದ್ದು ಮೂವತ್ತೆಂಟು ಮನೆಗೆ.

"ಕೇಳಿದವರಿಗೆ ಬೇರೆ ಕಳಿಸೋಣ ಅತ್ತಿಗೆ. ಉಳಿದವರನ್ನ ಯಾಕೆ ಕೆಣಕ್ತೀರಿ? ಇರಲಾರದೆ ಇರುವೆ ಬಿಟ್ಕೊಂಡ ಹಂಗಾಗುತ್ತೆ," ಎಂದ ಮೈದುನ.

ಅವರು ಕೇಳಲಿಲ್ಲ. ಮೂವತ್ತೆಂಟು ಪತ್ರಗಳನ್ನೂ ಕೈಯಲ್ಲೇ ಬರೆದರು. 'ಚೀಟಿ ಬರೆದವಳು ನಾನು, ತಪ್ಪು ನನ್ನದು. ಬಿಳಿಯದು ನಿಮ್ಮಲ್ಲೇ ಇರಲಿ, ನೀಲಿ ಕಳಿಸುತ್ತೇನೆ.' ಹೆಚ್ಚಿನವರು ಒಳ್ಳೆಯ ಮಾತೇ ಬರೆದರು. ಹನ್ನೊಂದು ಜನ ಬಿಳಿಯೇ ಸಾಕೆಂದರು. ಇಬ್ಬರು ಇನ್ನು ಇವರ ಸಹವಾಸ ಬೇಡವೆಂದರು. ಗೋಡೆಯ ಮೇಲಿನ ಪತ್ರ ಅವರಲ್ಲೊಬ್ಬರದು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮೇಜಿನ ಆ ತುದಿಯಿಂದ ದನಿ ಬರುತ್ತದೆ. ಬುಡ ಬಿಡಿಸುತ್ತ ಕೂತ ಅತ್ತೆ ತಲೆ ಎತ್ತಿಲ್ಲ.

"ಬರ್ಕೊಳ್ಳಿ. ಇವಳು ಹೇಳಿದ್ದು ಸುಳ್ಳು. ಚೀಟಿ ಬರೆದವಳು ನಾನು."

"ಅತ್ತೆ, ಸುಮ್ನಿರಿ."

"ನೀನು ಸುಮ್ನಿರು. ಆ ವರ್ಷವೇ ನನಗೆ ಅಕ್ಷರ ಮಸುಕಾಗಿತ್ತು. ಹೇಳಿದ್ರೆ ಮೂಲೇಲಿ ಕೂರಿಸ್ತಾರೆ ಅಂತ ಬಾಯಿ ಬಿಡ್ಲಿಲ್ಲ. ಮಡೀಲಿದ್ದ ಹಳೇ ಚೀಟಿ ಓದೋಕಾಗದೆ, ಎಡಗಡೆ ಬುಟ್ಟಿ ಯಾವಾಗ್ಲೂ ನೀಲಿ ಅಂತ ಅಂದಾಜಲ್ಲಿ ಬರೆದೆ. ಅವತ್ತು ನನ್ನ ಮಗ ನೀಲೀನ ಬಲಗಡೆ ಇಟ್ಟಿದ್ದ."

ಸೊಸೆ ಪಾಚಿ ಹಿಂಡುತ್ತಿದ್ದ ಕೈಯನ್ನು ಹಾಗೆಯೇ ಹಿಡಿದು ನಿಲ್ಲುತ್ತಾರೆ. ಪತ್ರ ಬರೆದ ಮರುವಾರದಿಂದ ಅವರು ಚೀಟಿಕಡ್ಡಿಗಳ ಅಂಚಿಗೆ ಚಾಕುವಿನಿಂದ ಕಚ್ಚು ಹಾಕಲು ಶುರುಮಾಡಿದ್ದರು. ನೀಲಿಗೆ ಒಂದು ಕಚ್ಚು, ಬಿಳಿಗೆ ಎರಡು, ಹೀಗೆ ನಲವತ್ತು ಬಗೆಗೂ ಒಂದೊಂದು ಗುರುತು. ಮಳೆಗೆ ಬರಹ ಅಳಿಸುತ್ತದೆ, ಅದಕ್ಕೆ ಎಂದು ಮನೆಯವರಿಗೆಲ್ಲ ಹೇಳಿದ್ದರು.

"ಮಳೆಯಂತೆ, ಮಳೆ!" ಅತ್ತೆ ಕಡ್ಡಿಯೊಂದರ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. "ಸೀಸದ ಕಡ್ಡೀಲಿ ಬರೆದಿದ್ದು ಯಾವ ಮಳೆಗೆ ಅಳಿಸಿತ್ತು? ಕಣ್ಣು ಹೋಗಿದೆ ಕಣೇ, ಬುದ್ಧಿ ಹೋಗಿಲ್ಲ. ಈ ಕಚ್ಚು ಯಾಕೆ ಅಂತ ನನಗೆ ಗೊತ್ತಾಗ್ಲಿಲ್ಲ ಅಂತ ಒಂದು ವರ್ಷದಿಂದ ನೀನು ಅಂದ್ಕೊಂಡಿದ್ದೀಯ, ನಾನೂ ಗೊತ್ತಿಲ್ಲದಂಗೆ ನಟಿಸಿದ್ದೀನಿ. ಸಾಕು. ಪೇಪರಲ್ಲಿ ಬರ್ಲಿ. ನಾಳೆಯಿಂದ ನಾನು ಈ ಮೇಜಿಗೆ ಬರಲ್ಲ."

ನಾನು ಪೆನ್ನು ಮುಚ್ಚಲೋ ಬೇಡವೋ ಎಂದು ನೋಡುತ್ತಿದ್ದಾಗ ಸೊಸೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಬರೀಲೇಬೇಕಾದ್ರೆ ಪೂರ್ತಿ ಬರೀರಿ. ಮೂವತ್ತೆಂಟು ಬುಡ ಬಿಡಿಸಿದ್ದು ಇವರ ಕೈ. ಮೂವತ್ತೆಂಟು ಮನೆಯಿಂದ್ಲೂ ಉತ್ತರ ಬಂತು. ನೀಲಿ ಬರ್ಲಿಲ್ಲ ಅಂತ ಬೈದವರಿದ್ದಾರೆ, ಗಿಡ ಸತ್ತುಹೋಯ್ತು ಅಂದವರು ಒಬ್ರೂ ಇಲ್ಲ." ಅತ್ತೆಯ ಮುಂದಿನ ಖಾಲಿ ಬುಟ್ಟಿ ತೆಗೆದು, ಮಣ್ಣು ಮೆತ್ತಿದ ಹೊಸ ಬುಟ್ಟಿ ಇಡುತ್ತಾರೆ. "ಅಷ್ಟೂ ಬದುಕಿ ಹೂ ಬಿಟ್ಟಿದ್ದಕ್ಕೇ ಅಲ್ವಾ, ನಮ್ಮ ತಪ್ಪು ಸಿಕ್ಕಿಬಿದ್ದಿದ್ದು?"