ಗೋಡೆಗಳ ಸಂದರ್ಶನ ಮಾಡುವ ಅಕ್ಕ

ಇದು ಕಟ್ಟುಕಥೆಯಲ್ಲ, ಕಟ್ಟಡದ ಕಥೆ. ಬೆಳಕು ಕಿಟಕಿಯಲ್ಲಿ ಇಣುಕುವ ಹೊತ್ತಿಗೇ, ಕಚೇರಿಯವರೆಲ್ಲ ‘ಅಕ್ಕ’ ಎಂದು ಕರೆಯುವ ನಕ್ಷೆಗಾರ್ತಿ ಹೊಸ ಆಸ್ಪತ್ರೆಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ್ದಾರೆ. ವಿಚಾರಣೆಗೆ ಕರೆಯಬೇಕಾದ ಒಂದೊಂದು ಗೋಡೆಗೂ ಬಣ್ಣದ ಚೀಟಿ ಅಂಟಿಸುತ್ತಿದ್ದಾರೆ. ಕಟ್ಟುವ ಮೊದಲೇ ವಿನ್ಯಾಸದಲ್ಲಿ ಅಡಗಿ ಕೂತ ದಂಡಖರ್ಚನ್ನು ಹಿಡಿದು ಹೊರಗಟ್ಟುವುದು ಇವರ ಕೆಲಸ. ಉದ್ಘಾಟನೆಯ ಕಲ್ಲಿನಲ್ಲಿ ಇವರ ಹೆಸರಿರುವುದಿಲ್ಲ. ಕಟ್ಟದೆ ಬಿಟ್ಟದ್ದಕ್ಕೆ ಕಲ್ಲು ನೆಡುವವರು ಯಾರು?

“ಗೋಡೆ, ಕಿಟಕಿ, ಪ್ರತಿಯೊಂದನ್ನೂ ಕೇಳೋದು, ನೀನು ಮಾಡೋ ಕೆಲಸ ಏನಪ್ಪಾ ಅಂತ. ಎರಡೇ ಮಾತಲ್ಲಿ ಉತ್ತರ ಬರಬೇಕು. ಮಳೆ ತಡೀತೀನಿ, ಭಾರ ಹೊರ್ತೀನಿ, ಹೀಗೆ. ಆಮೇಲೆ ಅದೇ ಕೆಲಸಾನ ಬೇರೆ ಹೇಗೆ ಮಾಡಿಸಬಹುದು ಅಂತ ಎಲ್ಲರೂ ಬಾಯಿಗೆ ಬಂದಿದ್ದು ಹೇಳ್ತಾರೆ. ಆಗ ‘ಆಗಲ್ಲ’ ಅನ್ನೋ ಹಾಗಿಲ್ಲ. ತೂಗಿ ನೋಡೋದು ಕೊನೆಗೆ,” ಎನ್ನುತ್ತಾರೆ ಅಕ್ಕ.

ಈ ಚಾಳಿ ಮನೆಗೂ ಹೋಗಿತ್ತಂತೆ. “ಈ ಶೋಕೇಸ್ ಏನ್ ಮಾಡತ್ತೆ ಅಂತ ಅತ್ತೇನ ಕೇಳ್ದೆ. ‘ಬಾಯಿ ಮುಚ್ಚಿಸತ್ತೆ’ ಅಂದ್ರು. ಎರಡೇ ಮಾತು. ತೆಪ್ಪಗಾದೆ.”

ಇವತ್ತು ಮಾತ್ರ ಅಕ್ಕನ ಮುಖ ಸಪ್ಪಗಿದೆ. ಆಸ್ಪತ್ರೆಯ ಖರ್ಚು ಮಿತಿ ಮೀರಿದೆ. ರೋಗಿಗಳ ಕಡೆಯವರು ಕಾಯುವ ಪಡಸಾಲೆಯನ್ನೇ ಕೈಬಿಡಿ ಎಂದು ಮಾಲೀಕರು ಪಟ್ಟು ಹಿಡಿದಿದ್ದಾರೆ. ಬೇರೇನಾದರೂ ತೆಗೆಯಲು ಇಂದಿನ ಸಭೆಯೇ ಕಡೆಯ ಅವಕಾಶ. “ಅಪ್ಪ ಒಳಗೆ ಮಲಗಿದ್ದಾಗ ಅಮ್ಮ ಆಸ್ಪತ್ರೆ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತಿದ್ರು. ಅದನ್ನ ನೋಡಿದೀನಿ,” ಎನ್ನುತ್ತಾರೆ.

ಸಭೆ ಸೇರುತ್ತದೆ. ಗೋಡೆ, ಕಿಟಕಿ, ಸೂರು, ಎಲ್ಲವೂ ಉತ್ತರ ಕೊಟ್ಟು ಪಾಸಾಗುತ್ತವೆ. ತೆಗೆಯಲು ಏನೂ ಸಿಗುತ್ತಿಲ್ಲ. ಆಗ ಮಿಮಿಕ್ರಿಯಲ್ಲಿ ಎತ್ತಿದ ಕೈ ಆದ ಸೈಟ್ ಎಂಜಿನಿಯರ್ ಎದ್ದು ನಿಲ್ಲುತ್ತಾನೆ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಥೇಟ್ ಅಕ್ಕನ ರಾಗದಲ್ಲೇ ಮುಂಬಾಗಿಲ ದೊಡ್ಡ ಕಮಾನನ್ನು ವಿಚಾರಿಸುತ್ತಾನೆ: “ನೀನು ಮಾಡೋ ಕೆಲಸ ಏನಪ್ಪಾ?”

ಕಮಾನು ಅಕ್ಕನೇ ಆಸೆಪಟ್ಟು ಬರೆದದ್ದು. ಅದೊಂದಕ್ಕೆ ಚೀಟಿಯೇ ಇಲ್ಲ.

“ಭಾರ ಹೊರತ್ತೆ,” ಎನ್ನುತ್ತಾರೆ ಅಕ್ಕ.

“ಅದನ್ನ ಪಕ್ಕದ ಕಂಬಗಳು ಹೊರ್ತಿವೆ ಅಕ್ಕ.”

“ಚೆಂದ ಕಾಣತ್ತೆ.”

“ಯಾರಿಗೆ?”

ಅಕ್ಕ ನಕ್ಷೆಯನ್ನೇ ದಿಟ್ಟಿಸುತ್ತಾರೆ. “ನಂಗೆ ಕಣೋ.”

ಕೆಂಪು ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಮಾಲೀಕರ ಕಡೆಯ ಲೆಕ್ಕಿಗ ಕೂಡಿ ಕಳೆದು ತಲೆಯಾಡಿಸುತ್ತಾನೆ: ಕಮಾನು ಹೋದರೆ ಪಡಸಾಲೆ ಉಳಿಯುತ್ತದೆ. ನಗಬೇಕೋ ಬೇಡವೋ ಎಂದು ಉಳಿದವರು ತುಟಿ ಕಚ್ಚಿಕೊಂಡಿರುವಾಗ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕ. ನಗುವಿನ ರಭಸಕ್ಕೆ ಕಮಾನಿನ ಮೇಲೆ ಎಳೆದ ಗೆರೆ ಸೊಟ್ಟಗಾಗುತ್ತದೆ.

“ನೆಟ್ಟಗೆ ಹೊಡೀರಿ ಅಕ್ಕ.”

“ಸುಮ್ನಿರೋ. ನಂದು, ಹೆಂಗಾದ್ರೂ ಹೊಡೀತೀನಿ.”